ಮೊದಲು ಆಯ, ಆಮೇಲೆ ಮಾಡೆಲ್

ನಮ್ಮ ಕಡೆ ಮನೆ ಏಳುವುದು ಕಾಪುವಿನಲ್ಲೋ ಮಣಿಪಾಲದಲ್ಲೋ. ಕಿಟಕಿ ಎಲ್ಲಿರಬೇಕು ಅಂತ ಹೇಳುವವರು ಎಷ್ಟೋ ಸಲ ದುಬೈಯಲ್ಲಿ ಕೂತು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ನೋಡುತ್ತಿರುತ್ತಾರೆ. ಚಿತ್ರ ನೋಡಿದ ಮೇಲೆ ಬದಲಾವಣೆ ಬಂದೇ ಬರುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಮನೆಯ ತ್ರೀಡಿ ಮಾಡೆಲ್ ಮಾಡುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಚಂದ ಆಮೇಲೆ ನೋಡೋಣ, ಮೊದಲು ಬೇಗ ಬದಲಿಸಲು ಆಗುವಂಥ ಮಾಡೆಲ್ ಮಾಡಿ.

ಆ ಕೆಲಸ ಮಾಡೆಲ್ ಮಾಡುವ ಸಾಫ್ಟ್‌ವೇರ್ ಸ್ಕೆಚ್‌ಅಪ್ ತೆರೆಯುವ ಮೊದಲೇ ಶುರುವಾಗುತ್ತದೆ. ಇಲ್ಲಿ ವಾಸ್ತು ನೋಡುವವರು ಸುತ್ತಳತೆಯ ಮೇಲೆ ಆಯ, ಅಂದರೆ ಅಳತೆ ಶುಭವೋ ಅಲ್ಲವೋ ಅನ್ನುವ ಲೆಕ್ಕ ಹಾಕುತ್ತಾರೆ, ಅದು ಸರಿಬರಲಿ ಅಂತ ಹೊರಗೋಡೆಯನ್ನು ಕೆಲವು ಅಂಗುಲ ಆಚೀಚೆ ಮಾಡಿಸುತ್ತಾರೆ. ನಂಬುವುದು ಬಿಡುವುದು ಮನೆಯವರಿಗೆ ಬಿಟ್ಟಿದ್ದು. ಆದರೆ ಹೊರಗೋಡೆ ಸರಿದರೆ ಮಾಡು (ಛಾವಣಿ) ಸರಿಯುತ್ತದೆ, ಮಾಡಿನ ನೆತ್ತಿಯ ಎತ್ತರ ಬದಲಾಗುತ್ತದೆ, ಮೆಟ್ಟಿಲಿಗೆ ಇಟ್ಟ ಜಾಗ ಕಮ್ಮಿ ಬೀಳುತ್ತದೆ. ಹಾಗಾಗಿ ಆಯ ಪಕ್ಕಾ ಆಗುವವರೆಗೆ ಬರೀ ಪೆಟ್ಟಿಗೆಯಂಥ ಆಕಾರ ಸಾಕು. ಅಳತೆ ಕೋಲು, ಅಂಗುಲದಲ್ಲಿ ಬಂದರೆ ಅವರ ಕೋಲು ಎಷ್ಟುದ್ದ ಅಂತ ಕೇಳಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಮಿಲ್ಲಿಮೀಟರ್‌ಗೆ ಬದಲಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಒಂದೇ ಫೈಲಿನಲ್ಲಿ ಅಡಿ ಮತ್ತು ಮಿಲ್ಲಿಮೀಟರ್ ಬೆರೆಯಬಾರದು.

ಸರ್ವೆ ಮಾಡಿದವರು ಕೊಡುವ ಕ್ಯಾಡ್ ಫೈಲನ್ನು ಹಾಗೇ ಒಳಗೆ ತರಬೇಡಿ. ಅದರಲ್ಲಿ ಜಾಗ ಮೂಲಬಿಂದುವಿನಿಂದ ಎಷ್ಟೋ ಕಿಲೋಮೀಟರ್ ದೂರ ಕೂತಿರುತ್ತದೆ. ಆಮೇಲೆ ಸ್ಕೆಚ್‌ಅಪ್‌ನಲ್ಲಿ ಹತ್ತಿರ ಹೋದರೆ ಗೋಡೆ ತುಂಡಾದಂತೆ ಕಾಣುತ್ತದೆ. ಮೂಲೆಯೊಂದನ್ನು ಸೊನ್ನೆಗೆ ತಂದು, ಡೈಮೆನ್ಷನ್, ಹ್ಯಾಚ್ ಎಲ್ಲ ತೆಗೆದು, ಆಟೋಕ್ಯಾಡ್‌ನಲ್ಲೇ ಓವರ್‌ಕಿಲ್ (ಒಂದರ ಮೇಲೊಂದು ಬಿದ್ದ ಗೆರೆ ಅಳಿಸಲು) ಮತ್ತು ಪರ್ಜ್ (ಬಳಸದ್ದನ್ನು ತೆಗೆಯಲು) ಓಡಿಸಿ.

ಇನ್ನು ಗುಂಪು ಮಾಡುವ ವಿಷಯ. ಪಂಚಾಂಗ (ಗೋಡೆಯ ಕೆಳಗಿನ ಅಡಿಗಟ್ಟು), ಕೆಳಗಿನ ಗೋಡೆ, ಸ್ಲ್ಯಾಬ್, ಮೇಲಿನ ಗೋಡೆ, ಮಾಡು ಎಲ್ಲವೂ ಬೇರೆ ಬೇರೆ ಗ್ರೂಪ್ ಆಗಿರಲಿ. 2020ರ ಆವೃತ್ತಿಗೆ ಮೊದಲು ಲೇಯರ್ ಅನ್ನುತ್ತಿದ್ದುದು ಈಗ ಟ್ಯಾಗ್, ಅದು ಅಡಗಿಸಲು ತೋರಿಸಲು ಮಾತ್ರ. ಬೇರೆ ಟ್ಯಾಗ್ ಕೊಟ್ಟರೂ ಗ್ರೂಪ್ ಮಾಡದ ಗೆರೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಗೆರೆಗಳಿಗೆ ಟ್ಯಾಗ್ ಬೇಡ, ಗ್ರೂಪಿಗೆ ಮಾತ್ರ ಕೊಡಿ. ಕಿಟಕಿ, ಬಾಗಿಲು, ಕಂಬ ಕಾಂಪೊನೆಂಟ್ ಆಗಲಿ. ಒಂದನ್ನು ತಿದ್ದಿದರೆ ಅದರ ನಕಲುಗಳೆಲ್ಲ ಬದಲಾಗುತ್ತವೆ. ಅಡುಗೆಮನೆಯ ಒಂದೇ ಕಿಟಕಿ ಗಿಡ್ಡ ಆಗಬೇಕಾದರೆ ಅದನ್ನು ಮೇಕ್ ಯೂನಿಕ್ ಮಾಡಿ, ಉಳಿದವುಗಳಿಂದ ಬೇರೆಯಾಗುತ್ತದೆ.

ಮಾಡಿನ ಮೇಲೆ ಜಾಸ್ತಿ ಹೊತ್ತು ಕೊಡಿ. ನಮ್ಮ ಮಳೆಗೆ ಮನೆ ಉಳಿಯುವುದೇ ಅದರಿಂದ, ಅಲ್ವಾ? ಸುಮ್ನೆ ದಪ್ಪವಿಲ್ಲದ ಓರೆ ಹಾಳೆಯೊಂದನ್ನು ಇಟ್ಟು ಹಂಚಿನ ಚಿತ್ರ ಅಂಟಿಸಿದರೆ ಆಗುವುದಿಲ್ಲ. ಕಾಂಕ್ರೀಟಿನ ಓರೆ ಸ್ಲ್ಯಾಬ್ ಮೇಲೆ ಹಂಚೋ, ಕಬ್ಬಿಣದ ಟ್ರಸ್ಸೋ, ಮರದ ಪಕ್ಕಾಸು (ಓರೆ ತೊಲೆ) ಮತ್ತು ರೀಪೋ (ಹಂಚು ಕೂರುವ ಅಡ್ಡಪಟ್ಟಿ) ಅಂತ ಮೊದಲೇ ಕೇಳಿ. ಮೂರಕ್ಕೂ ದಪ್ಪ ಬೇರೆ, ಸೂರಿನ ಅಂಚು ಬೇರೆ. ಎರಡು ಮಾಡು ಸೇರುವ ತಗ್ಗಿನಲ್ಲಿ ನೀರು ಹೋಗುವ ದೋಣಿಯನ್ನು ಮಾಡೆಲ್‌ನಲ್ಲೇ ಕೂರಿಸಿ. ಅಲ್ಲಿ ಜಾಗ ಸಾಲದಿದ್ದರೆ ಅದು ಪರದೆ ಮೇಲೆ ಗೊತ್ತಾಗಬೇಕು, ಜೂನ್ ತಿಂಗಳಲ್ಲಿ ಚಾವಡಿ ಒದ್ದೆಯಾದ ಮೇಲಲ್ಲ. ಹಾಗಂತ ಒಂದೊಂದು ಹಂಚನ್ನೂ ಕೆತ್ತಬೇಡಿ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ, 200 ಚದರ ಮೀಟರ್ ಮಾಡಿಗೆ 3,000 ಆಯಿತು. ಫೈಲ್ ಅಲುಗಾಡುವುದಿಲ್ಲ. ಸೂರಿನ ಅಂಚಿನ ಒಂದು ಸಾಲು ನಿಜವಾದ ಹಂಚಾಗಿರಲಿ, ಉಳಿದದ್ದಕ್ಕೆ ಚಿತ್ರ ಸಾಕು.

ಉತ್ತರ ದಿಕ್ಕು ಮತ್ತು ಊರು ಯಾವುದು ಅನ್ನುವುದನ್ನು ಶುರುವಿನಲ್ಲೇ ಹಾಕಿಡಿ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಇದು ಗೊತ್ತಿಲ್ಲದೆ ಉತ್ತರದ ಗೋಡೆಗೆ ನೆರಳೇ ಬೇಡ ಅಂದುಕೊಳ್ಳುವವರಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಮತ್ತು ಸಂಜೆ 4 ಗಂಟೆಯ ನೆರಳಿನ ಚಿತ್ರ ಮನೆಯವರಿಗೆ ಕಳಿಸಿ. ತೆಂಗಿನಮರ, ಕೆಂಪು ಆಕಾಶ ಹಾಕಿದ, ಫೋಟೊದಂತೆ ಕಾಣುವ ರೆಂಡರ್‌ಗಿಂತ ಪಡುವಣ ಕಿಟಕಿಯ ಮೇಲೆ ಬೀಳುವ ಆ ಬಿಸಿಲು ಅವರಿಗೆ ಹೆಚ್ಚು ಉಪಯೋಗ.

ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಇರಲಿ, ತಾನಾಗಿ ಸಾಲಾಗಿ ನಿಲ್ಲುತ್ತವೆ. ‘ಫೈನಲ್’ ಅನ್ನುವ ಹೆಸರು ಬೇಡವೇ ಬೇಡ. ಕಳಿಸುವ ಪ್ರತಿ ಚಿತ್ರದ ಮೂಲೆಯಲ್ಲೂ ಅದೇ ತಾರೀಕು, ಚಿತ್ರದ ನಂಬರು ಬರೆಯಿರಿ. ‘ಮೊನ್ನೆಯ ಎರಡನೇ ಚಿತ್ರ ಓಕೆ’ ಅಂತ ದುಬೈಯಿಂದ ಮೆಸೇಜ್ ಬಂದಾಗ ಯಾವುದು ಅಂತ ಹುಡುಕಬೇಕಾಗಿಲ್ಲ.

ರೆಂಡರ್ ಕೊನೆಗೆ. ಅದಕ್ಕೂ ಮೊದಲು ಮೊನೊಕ್ರೋಮ್ (ಚಿತ್ರ, ಬಣ್ಣ ಅಂಟಿಸದೆ ಬರೀ ಮುಖಗಳನ್ನು ತೋರಿಸುವ ನೋಟ) ಹಾಕಿ, ನೀಲಿಬೂದಿ ಬಣ್ಣದಲ್ಲಿ ಕಾಣುವ, ಹಿಂಭಾಗ ಹೊರಗೆ ಬಂದ ಮುಖಗಳನ್ನು ಸರಿಮಾಡಿ. ಮೇಸ್ತ್ರಿಗೆ ಮಾತ್ರ ರೆಂಡರ್ ಕೊಡಬೇಡಿ. ರಸ್ತೆಯ ಮಟ್ಟದಿಂದ ಪಂಚಾಂಗ ಎಷ್ಟು, ಲಿಂಟಲ್ ಎಷ್ಟು, ಮಾಡಿನ ನೆತ್ತಿ ಎಷ್ಟು ಅಂತ ಅಂಕಿ ಬರೆದ ಸೆಕ್ಷನ್ ಅದೇ ಮಾಡೆಲ್‌ನಿಂದ ಕತ್ತರಿಸಿ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿ ಕೊಡಿ.