ಐಫೋನ್ 15ರ ನಿಜವಾದ ಕೊರತೆ ಯಾವುದು?

ಐಫೋನ್ 15ರ ಕೊರತೆ ಏನು ಅಂತ ಕೇಳಿದರೆ ಮೊದಲು ಕೇಳಿಬರುವುದು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ 60 ಹರ್ಟ್ಸ್ ಡಿಸ್‌ಪ್ಲೇ. ನಿಜ. ಗ್ಯಾಲಕ್ಸಿ ಎಸ್24, ಒನ್‌ಪ್ಲಸ್ 12 ಎರಡರಲ್ಲೂ 120 ಹರ್ಟ್ಸ್ ಇದೆ. ಪಕ್ಕಪಕ್ಕ ಇಟ್ಟು ಸ್ಕ್ರೋಲ್ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಆದರೆ ದಿನವಿಡೀ ಒಂದೇ ಫೋನ್ ಬಳಸುವವರಿಗೆ ವಾರದೊಳಗೆ ಅದು ಮರೆತೇ ಹೋಗುತ್ತದೆ. ಫೋನ್ ರಿಪೇರಿ ಮಾಡುವ ನಾನು ಮೊದಲು ನೋಡುವುದು ಸ್ಟೋರೇಜ್.

ಆರಂಭದ ಮಾಡೆಲ್‌ನಲ್ಲಿ ಇರುವುದು 128 ಜಿಬಿ. ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ. ಆಪಲ್‌ನ ಆನ್‌ಲೈನ್ ಸ್ಟೋರೇಜ್ ಆದ ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ ಅಷ್ಟೇ. ತುಂಬಾ ಸ್ಪಷ್ಟವಾದ 4ಕೆ ವಿಡಿಯೋವನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 400 ಎಂಬಿ ಬೇಕು. ಮನೆಯ ಮದುವೆಯಲ್ಲಿ ಮುಹೂರ್ತ, ಆರತಕ್ಷತೆ ಸೇರಿ ಎರಡು ಗಂಟೆ ಹಿಡಿದರೆ 48 ಜಿಬಿ ಜಾಗ ತುಂಬಿಹೋಯಿತು! ಅದನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕೋಣ ಅಂದರೆ ಅಲ್ಲೂ ನಿಧಾನ. ಟೈಪ್ ಸಿ ಪೋರ್ಟ್ ಕೊಟ್ಟರೂ ವೇಗ ಮಾತ್ರ ಹಳೆಯ ಯುಎಸ್‌ಬಿ 2ರದ್ದೇ. ಉಳಿದ ಎರಡು ಫೋನ್‌ಗಳಲ್ಲಿ ತಕ್ಕ ಕೇಬಲ್ ಹಾಕಿದರೆ, ಲೆಕ್ಕದ ಪ್ರಕಾರ ಅದರ ಹತ್ತು ಪಟ್ಟು ವೇಗವಿದೆ. ಕಾರ್ಡ್ ಜಾಗ ಅವುಗಳಲ್ಲೂ ಇಲ್ಲ, ಆದರೆ ಒನ್‌ಪ್ಲಸ್ 12 ಭಾರತದಲ್ಲಿ ಶುರುವಾಗಿದ್ದೇ 256 ಜಿಬಿಯಿಂದ.

ಚಾರ್ಜಿಂಗ್‌ನಲ್ಲೂ ಒನ್‌ಪ್ಲಸ್ ಮುಂದು. ಅರ್ಧ ಗಂಟೆಯಲ್ಲಿ ಐಫೋನ್ ಅರ್ಧ ತುಂಬುವಷ್ಟರಲ್ಲಿ ಅದು ಫುಲ್ ಆಗಿರುತ್ತದೆ. ಎಸ್24 ಈ ವಿಷಯದಲ್ಲಿ ಅಷ್ಟೇನೂ ಜೋರಿಲ್ಲ.

ಇನ್ನು ರಿಪೇರಿ. ಐಫೋನ್ 15ಕ್ಕೆ ಕಾಪಿ ಕಾಂಬೋ, ಅಂದರೆ ಒರಿಜಿನಲ್ ಅಲ್ಲದ ಡಿಸ್‌ಪ್ಲೇ ಸೆಟ್, ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಪಾರ್ಟ್' ಅಂತ ಬರುತ್ತದೆ. ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಟ್ರೂ ಟೋನ್ ಕೂಡ ಕೈಕೊಡಬಹುದು. ಆದರೆ ಹಿಂದಿನ ಗಾಜಿನ ವಿಷಯದಲ್ಲಿ ಈ ಫೋನನ್ನು ಮೆಚ್ಚಲೇಬೇಕು. ಐಫೋನ್ 13ರಲ್ಲಿ ಆ ಗಾಜು ಫ್ರೇಮಿಗೇ ಗಟ್ಟಿಯಾಗಿ ಅಂಟಿರುತ್ತದೆ. ಲೇಸರ್ ಮೆಷಿನ್‌ನಲ್ಲಿ ಅಂಟು ಸುಟ್ಟು, ಚೂರು ಚೂರಾಗಿ ಕೆರೆದು ತೆಗೆಯಬೇಕು. ಕ್ಯಾಮೆರಾ ಸುತ್ತ ಬಂದಾಗಲಂತೂ ಉಸಿರು ಬಿಗಿಹಿಡಿದೇ ಕೆಲಸ ಮಾಡಬೇಕು. 15ರಲ್ಲಿ ಬಿಸಿ ಮಾಡಿ ಎತ್ತಿದರೆ ಹಿಂಬದಿ ಬೇರೆಯಾಗಿಯೇ ಬಿಡಿಸಿಕೊಳ್ಳುತ್ತದೆ.

ಬಾಳಿಕೆಯಲ್ಲೂ ಐಫೋನ್ ಕೈಬಿಡುವುದಿಲ್ಲ. 2018ರ ಐಫೋನ್ ಎಕ್ಸ್‌ಎಸ್‌ಗೆ 2024ರಲ್ಲೂ ಹೊಸ ಐಓಎಸ್ (ಐಫೋನಿನ ಸಾಫ್ಟ್‌ವೇರ್) ಸಿಕ್ಕಿತು. ಎಸ್24ಗೆ ಏಳು ವರ್ಷದ ಅಪ್‌ಡೇಟ್ ಭರವಸೆಯಿದೆ. ಒನ್‌ಪ್ಲಸ್ 12ಕ್ಕೆ ನಾಲ್ಕು ಆಂಡ್ರಾಯ್ಡ್ ಅಪ್‌ಡೇಟ್ ಮಾತ್ರ. ಒಂದೇ ಫೋನನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾಗಿ ಮಕ್ಕಳ ವಿಡಿಯೋ, ಫೋಟೋ ಜಾಸ್ತಿ ತೆಗೆಯುವವರು 128 ಜಿಬಿಯ 15 ಕೊಳ್ಳಲೇಬೇಡಿ. 256 ಸಿಕ್ಕರೆ ಮಾತ್ರ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ನೋಡಿ. ಡಿಸ್‌ಪ್ಲೇ, ಬ್ಯಾಟರಿ ಬದಲಾಗಿದ್ದರೆ ಅಲ್ಲೇ ತೋರಿಸುತ್ತದೆ.