ಮುಳುಗಡೆಯ ನಂತರದ ಅರವತ್ತು ವರ್ಷ: ಶರಾವತಿ ಸಂತ್ರಸ್ತರಿಗೆ ಹಕ್ಕುಪತ್ರ ಸಿಗದ ಕಥೆ

ಸಾಗರ, ಹೊಸನಗರ ತಾಲ್ಲೂಕುಗಳ ಹಿರಿಯರು ಮದುವೆ, ಹುಟ್ಟು, ಸಾವುಗಳ ಕಾಲವನ್ನು ಹೇಳುವಾಗ ಇಸವಿಯನ್ನು ಬಳಸುವುದು ಕಡಿಮೆ. 'ಮುಳುಗಡೆಗಿಂತ ಮುಂಚೆ' ಅಥವಾ 'ಮುಳುಗಡೆ ಆದಮೇಲೆ' ಎಂದರೆ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ನೀರು ಕಣಿವೆಯ ಊರುಗಳನ್ನು ಆವರಿಸಿದ ದಿನಗಳೇ ಆ ಮುಳುಗಡೆ. ಅಲ್ಲಿಂದ ಎದ್ದು ಬಂದ ಸಾವಿರಾರು ಕುಟುಂಬಗಳಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಸರ್ಕಾರವೇ ತೋರಿಸಿದ ಜಾಗದಲ್ಲಿ ಇಂದಿಗೂ ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡುತ್ತಿದ್ದಾರೆ. ಅಣೆಕಟ್ಟಿನ ಲೆಕ್ಕ ಬಹಳ ಹಿಂದೆಯೇ ಮುಗಿದಿದ್ದರೂ ಇವರ ಲೆಕ್ಕ ಏಕೆ ಮುಗಿದಿಲ್ಲ ಎಂದು ತಿಳಿಯಬೇಕಾದರೆ ಮುಳುಗಡೆಗೂ ಹಿಂದಿನ ಕಾಲಕ್ಕೆ ಹೋಗಬೇಕಾಗುತ್ತದೆ.

ಶರಾವತಿ ಕಣಿವೆಗೆ ಲಿಂಗನಮಕ್ಕಿ ಮೊದಲ ಅಣೆಕಟ್ಟಲ್ಲ. ಜೋಗದಲ್ಲಿ ವಿದ್ಯುತ್ ತೆಗೆಯಲು ಮೈಸೂರು ಸಂಸ್ಥಾನದ ಕಾಲದಲ್ಲೇ ಕೆಲಸ ಆರಂಭವಾಗಿತ್ತು. ಅದಕ್ಕಾಗಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿಗೆ ಮುಗಿಯಿತು. ಅದರ ನೀರನ್ನು ಬಳಸುವ, ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಹೊಸ ರಾಜ್ಯದ ಕೈಗಾರಿಕೆಗಳಿಗೆ ಆ ವಿದ್ಯುತ್ ಸಾಲದೆ ಹೋದಾಗ, ಅದೇ ನದಿಗೆ ಕೆಳಗಡೆ ಸುಮಾರು 2.7 ಕಿಲೋಮೀಟರ್ ಉದ್ದದ ಲಿಂಗನಮಕ್ಕಿ ಕಟ್ಟೆ ಎದ್ದಿತು. ಅದರ ಪೂರ್ಣ ಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊಸ ಜಲಾಶಯದ ಒಡಲಿಗೆ ಸೇರಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ನೀರಿನಿಂದ ಮೇಲೆದ್ದು ಕಾಣುತ್ತದೆ. ಹಿರೇಭಾಸ್ಕರದ ನೀರಿಗೆ ಜಾಗ ಬಿಟ್ಟು ತುಸು ಎತ್ತರಕ್ಕೆ ಹೋಗಿ ಮನೆ ಕಟ್ಟಿಕೊಂಡಿದ್ದವರ ಪಾಲಿಗೆ ಲಿಂಗನಮಕ್ಕಿ ಎರಡನೆಯ ಮುಳುಗಡೆಯಾಯಿತು.

ಹೀಗೆ ಎದ್ದು ಹೋದವರಲ್ಲಿ ಬಹಳಷ್ಟು ಮಂದಿ ಗೇಣಿದಾರರಾಗಿದ್ದರೆಂಬ ಸಂಗತಿ ಈ ಇತಿಹಾಸದ ಕೀಲಕ, ಮತ್ತು ಚರ್ಚೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ತಕರಾರು ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟದಲ್ಲಿ ಹೆಚ್ಚಿನವರು ದೀವರ ಸಮುದಾಯದ ಗೇಣಿ ರೈತರು. ಶಾಂತವೇರಿ ಗೋಪಾಲಗೌಡರು ಅದಕ್ಕೆ ರಾಜಕೀಯ ಬಲ ತಂದರು, ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಸಿಗಬೇಕೆಂಬ ಆ ಕೂಗು ಕಾನೂನಾಗಿ ಪೂರ್ಣ ರೂಪ ಪಡೆದದ್ದು ದೇವರಾಜ ಅರಸು ಅವರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದ ವಶವಾದವು ಮತ್ತು ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಒಡೆತನ ಕೇಳುವಂತಾಯಿತು. ಆ ವೇಳೆಗೆ ಶರಾವತಿ ಕಣಿವೆಯ ಗದ್ದೆಗಳು ನೀರಿನಡಿ ಸೇರಿ ಹತ್ತು ವರ್ಷವಾಗಿತ್ತು.

ಈ ಹತ್ತು ವರ್ಷಗಳ ಅಂತರವೇ ಎಷ್ಟೋ ಕುಟುಂಬಗಳ ಹಣೆಬರಹವನ್ನು ಬರೆಯಿತು ಎಂದು ನಾನು ನಂಬುತ್ತೇನೆ. ಭೂಸ್ವಾಧೀನ ನಡೆದದ್ದು ಬ್ರಿಟಿಷರ ಕಾಲದ 1894ರ ಕಾಯ್ದೆಯ ಚೌಕಟ್ಟಿನಲ್ಲಿ. ಪರಿಹಾರವೆಂದರೆ ಸ್ವತ್ತಿನ ಬೆಲೆ. ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರ ಕೈಗೆ ಅದು ಹೋಗುತ್ತಿತ್ತು. ಗೇಣಿ ಕರಾರು ಬಾಯಿಮಾತಿನದೇ ಆಗಿದ್ದಾಗ, ತಲೆಮಾರುಗಳಿಂದ ಉತ್ತವನ ಬಳಿ ಅಧಿಕಾರಿಗೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಕೂಲಿಯವರಿಗಂತೂ ಆ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಪುನರ್ವಸತಿಯನ್ನು ಹಕ್ಕೆಂದು ಒಪ್ಪಿದ ಹೊಸ ಭೂಸ್ವಾಧೀನ ಕಾಯ್ದೆ ದೇಶದಲ್ಲಿ ಜಾರಿಗೆ ಬರಲು 2014ರ ಜನವರಿಯವರೆಗೆ ಕಾಯಬೇಕಾಯಿತು. ಒಡೆಯರ ನಷ್ಟವೂ ಸಣ್ಣದಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು: ಒಂದು ಅಡಿಕೆ ತೋಟ ಫಲ ಕೊಡಲು ಹಲವು ವರ್ಷ ಬೇಕು, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟವೂ ಹತ್ತಿರದಲ್ಲಿರಬೇಕು, ಇವೆರಡನ್ನೂ ಹಣ ಕೊಟ್ಟು ಒಂದೇ ಬಾರಿಗೆ ಕೊಂಡುತರಲು ಆಗುವುದಿಲ್ಲ.

ಎದ್ದವರನ್ನು ಲಾರಿಗಳಲ್ಲಿ ಸಾಮಾನು, ದನಕರುಗಳ ಸಮೇತ ಕರೆದೊಯ್ದು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿ ಬಿಡಲಾಯಿತು. ಅವರಿಗೆ ತೋರಿಸಿದ ಜಾಗದ ದೊಡ್ಡ ಪಾಲು ಕಾಡಾಗಿತ್ತು. ಅವರು ಅದನ್ನು ಕಡಿದು ಹಸನು ಮಾಡಿದರು, ಬಾವಿ ತೋಡಿದರು, ಶಾಲೆ ಕಟ್ಟಿಸಿಕೊಂಡರು. ಆದರೆ ಆ ಜಮೀನನ್ನು ಅರಣ್ಯದ ದಾಖಲೆಯಿಂದ ಬಿಡಿಸಿ, ಅಳತೆ ಮಾಡಿ, ಪ್ರತಿ ಕುಟುಂಬದ ಹೆಸರಿಗೆ ಖಾತೆ ಮಾಡಿಕೊಡುವ ಕೆಲಸ ಅನೇಕ ಕಡೆ ಅರ್ಧಕ್ಕೇ ನಿಂತಿತು. ಅಂದು ಅದು ಕಠಿಣವಾದ ಕೆಲಸವೇನೂ ಆಗಿರಲಿಲ್ಲ. ರಾಜ್ಯ ಸರ್ಕಾರ ತನ್ನ ಅಧಿಕಾರದಲ್ಲೇ ಆದೇಶ ಹೊರಡಿಸಿ ಮುಗಿಸಬಹುದಿತ್ತು. 1964ರಿಂದ 1980ರವರೆಗೆ ಅದಕ್ಕೆ ಹದಿನಾರು ವರ್ಷಗಳ ಸಮಯವೂ ಇತ್ತು.

1980ರ ಅಕ್ಟೋಬರ್‌ನಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಅರಣ್ಯ' ಎಂಬುದರ ವ್ಯಾಪ್ತಿಯನ್ನು ಹಿಗ್ಗಿಸಿತು. 2000ದಲ್ಲಿ ತನ್ನ ಅನುಮತಿಯಿಲ್ಲದೆ ಅರಣ್ಯವನ್ನು ಡೀನೋಟಿಫೈ ಮಾಡುವುದಕ್ಕೆ, ಅಂದರೆ ಅರಣ್ಯದ ದಾಖಲೆಯಿಂದ ಬಿಡಿಸುವುದಕ್ಕೆ, ತಡೆ ಹಾಕಿತು. ಕಾಡನ್ನು ಉಳಿಸಲು ಇವು ಬೇಕಾಗಿದ್ದವು, ಮಲೆನಾಡಿಗಂತೂ ಅವುಗಳ ಉಪಕಾರ ದೊಡ್ಡದು. ಆದರೆ ಸರ್ಕಾರವೇ ತಂದು ಕೂರಿಸಿದ ಸಂತ್ರಸ್ತ ಮತ್ತು ನಿನ್ನೆ ಬೇಲಿ ಹಾಕಿದ ಒತ್ತುವರಿದಾರ, ಇಬ್ಬರೂ ಪಹಣಿಯಲ್ಲಿ ಒಂದೇ ರೀತಿ ಕಾಣುವಂತಾಯಿತು. ಮುಂದೆ ರಾಜ್ಯ ಸರ್ಕಾರ ಸಂತ್ರಸ್ತರ ಜಮೀನುಗಳಿಗಾಗಿ ಹೊರಡಿಸಿದ ಡೀನೋಟಿಫಿಕೇಶನ್ ಆದೇಶಗಳು ಕೇಂದ್ರದ ಅನುಮತಿ ಪಡೆದಿರಲಿಲ್ಲವೆಂಬ ಕಾರಣಕ್ಕೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 2021ರಲ್ಲಿ ಅವು ರದ್ದಾದವು. ಹಕ್ಕುಪತ್ರ ಕೈಗೆ ಬಂತೆಂದು ನೆಮ್ಮದಿಯಿಂದಿದ್ದ ಮನೆಗಳು ಮತ್ತೆ ಮೊದಲಿನ ಸ್ಥಿತಿಗೆ ಬಂದವು.

2006ರ ಅರಣ್ಯ ಹಕ್ಕು ಕಾಯ್ದೆ ಇವರಿಗೆ ದಾರಿಯಾಗಬಹುದೆಂಬ ಆಸೆ ಹುಟ್ಟಿತ್ತು. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕೆಂದು ಅದು ಕೇಳುತ್ತದೆ. 1960ರ ದಶಕದಲ್ಲಿ ಬಂದಿಳಿದವರು ಈಗಿನ ಊರಿನಲ್ಲಿ 1930ರಿಂದಲೂ ಇದ್ದೆವೆಂದು ಹೇಗೆ ತೋರಿಸಬೇಕು? ಅವರ ಅಜ್ಜ ಮುತ್ತಜ್ಜಂದಿರು ಬಾಳಿದ ಊರುಗಳು ಜಲಾಶಯದ ತಳದಲ್ಲಿವೆ.

ಸ್ಥಳಾಂತರವಾಗದೆ ಉಳಿದವರ ಕಷ್ಟ ಇನ್ನೊಂದು ಬಗೆಯದು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳನ್ನು ಹಿನ್ನೀರು ತಾಲ್ಲೂಕು ಕೇಂದ್ರದಿಂದ ಬೇರ್ಪಡಿಸಿತು. ತುಮರಿಯ ಸುತ್ತಲಿನವರು ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ ಹೋಗಬೇಕಾದರೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚ್ ಹಿಡಿಯಬೇಕಿತ್ತು; ಸಂಜೆ ಕಡೆಯ ಲಾಂಚ್ ತಪ್ಪಿದರೆ, ತುಂಬು ಬಸುರಿಯಾದರೂ ಬಹುದೂರ ಸುತ್ತುವ ರಸ್ತೆಯೇ ಗತಿ. ಅಲ್ಲಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈಗ ಅದರ ಮೇಲೆ ಸಿಗಂದೂರಿಗೆ ಹೋಗುವ ಭಕ್ತರು ಅದನ್ನು ಸಂಭ್ರಮದಿಂದ ನೋಡುತ್ತಾರೆ. ದಡದ ಊರುಗಳವರು ಅದಕ್ಕಾಗಿ ಕಾದದ್ದು ಅರವತ್ತು ವರ್ಷ.

ಈ ನಡುವೆ ಅದೇ ಕಣಿವೆಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಇಳಿಸುವ ಈ ಯೋಜನೆಯನ್ನು ಕಣಿವೆಯ ಜನ ಅನುಮಾನದಿಂದ ನೋಡುವುದು ಸಹಜ. ಹೊಸ ಪರಿಹಾರದ ಮಾತಿಗೆ ಮೊದಲು ಹಳೆಯ ಮುಳುಗಡೆಯ ಪೂರ್ಣ ಪಟ್ಟಿಯೊಂದು ತಯಾರಾಗಬೇಕು: ಯಾವ ಊರಿನ ಯಾವ ಮನೆಯವರನ್ನು ಎಲ್ಲಿಗೆ ಕರೆದೊಯ್ದರು, ಅವರಿಗೆ ಎಷ್ಟು ಎಕರೆ ತೋರಿಸಿದರು, ಅದರಲ್ಲಿ ಎಷ್ಟು ಇಂದಿಗೂ ಅರಣ್ಯವೆಂದೇ ನಮೂದಾಗಿದೆ ಎಂಬುದೆಲ್ಲ ಅದರಲ್ಲಿರಬೇಕು. ಕಡತದಲ್ಲಿ ಇಲ್ಲದ್ದನ್ನು ನೆನಪಿನಿಂದ ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಲಾರಿಯಿಂದ ಇಳಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.