ಕಡ್ಡಿ ನಾಲ್ಕೂ ಇವೆ, ಕಾಲ್ ಮಾತ್ರ ಹೋಗ್ತಿಲ್ಲ

ಹದಿನಾರು ವರ್ಷದಿಂದ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕಂಟ್ರೋಲ್ ರೂಮಿನ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಎಲ್ಲಿ ನೆಟ್‌ವರ್ಕ್ ಹೋದರೂ ನಮ್ಮ ಕಡೆಯವರು ಮೊದಲು ಕೇಳುವುದು ನನ್ನನ್ನೇ. ತೀರ್ಥಹಳ್ಳಿಯ ಚಿಕ್ಕಮ್ಮ ಒಮ್ಮೆ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿದೆ. "ಕಡ್ಡಿ ನಾಲ್ಕೂ ತೋರಿಸ್ತಾ ಇದೆಯಲ್ಲೋ, ಮತ್ತೆ ಕಾಲ್ ಯಾಕೆ ಹೋಗಲ್ಲ?"

ತುಂಬಾ ಒಳ್ಳೆಯ ಪ್ರಶ್ನೆ ಅದು. ಫೋನಿನ ಸಿಗ್ನಲ್ ಕಡ್ಡಿ ಹೇಳುವುದು ಒಂದೇ ವಿಷಯ, ನಿಮ್ಮ ಫೋನಿಗೂ ಹತ್ತಿರದ ಟವರಿಗೂ ಸಂಪರ್ಕ ಇದೆ ಅಂತ. ಆದರೆ ಕಾಲ್ ಟವರಿನಲ್ಲೇ ಮುಗಿಯುವುದಿಲ್ಲ ಅಲ್ವಾ? ಅಲ್ಲಿಂದ ಕೇಬಲ್ ಹಿಡಿದು ಕಂಪನಿಯ ಕೋರ್‌ಗೆ ಹೋಗಬೇಕು. ನೀವು ಯಾರು, ಯಾರಿಗೆ ಕಾಲ್ ಮಾಡುತ್ತಿದ್ದೀರಿ, ಯಾವ ದಾರಿಯಲ್ಲಿ ಕಳಿಸಬೇಕು ಎಂದು ನೋಡುವುದು ಕೋರ್. ಟವರ್ ನಿಮ್ಮ ಬೀದಿಯ ಬಸ್ ಸ್ಟಾಪ್ ಆದರೆ ಕೋರ್ ಅಂದರೆ ಮೆಜೆಸ್ಟಿಕ್. ಸ್ಟಾಪಿನಲ್ಲಿ ದೀಪ ಉರಿಯುತ್ತಿದೆ, ಜನ ಕಾಯುತ್ತಿದ್ದಾರೆ, ಮೆಜೆಸ್ಟಿಕ್‌ನಿಂದ ಮಾತ್ರ ಒಂದು ಬಸ್ಸೂ ಹೊರಟಿಲ್ಲ.

ಇದು ಎಷ್ಟು ದೊಡ್ಡದಾಗಿ ಕೆಡಬಹುದು ಅನ್ನುವುದಕ್ಕೆ ನಮ್ಮ ಕೆಲಸದವರು ಈಗಲೂ ನೆನೆಯುವುದು ಕೆನಡಾದ ರೋಜರ್ಸ್ ಟೆಲಿಕಾಂ ಕಂಪನಿಯ ಪ್ರಕರಣ. 2022ರ ಜುಲೈ 8, ಶುಕ್ರವಾರ, ಬೆಳಗಿನ ಜಾವ. ಏಳು ಹಂತದ ನೆಟ್‌ವರ್ಕ್ ಬದಲಾವಣೆಯಲ್ಲಿ ಆರನೇ ಹಂತ ನಡೆಯುತ್ತಿತ್ತು. ಹಿಂದಿನ ಐದು ಹಂತ ಸಲೀಸಾಗಿ ಮುಗಿದಿದ್ದರಿಂದ ಅಪಾಯ ಕಡಿಮೆ ಎಂದು ಗುರುತು ಹಾಕಿಕೊಂಡಿದ್ದರು. ಆ ಹಂತದಲ್ಲಿ ರೌಟರ್‌ಗಳಲ್ಲಿದ್ದ, ಅಂದರೆ ಮಾಹಿತಿಗೆ ದಾರಿ ತೋರಿಸುವ ಯಂತ್ರಗಳಲ್ಲಿದ್ದ ಒಂದು ಫಿಲ್ಟರ್ ತೆಗೆದರು. ಕೋರ್‌ಗೆ ಎಷ್ಟು ದಾರಿಗಳ ಮಾಹಿತಿ ಹೋಗಬೇಕೋ ಅಷ್ಟನ್ನೇ ಬಿಡುವ ಚೆಕ್‌ಪೋಸ್ಟ್ ಅದು. ಅದು ಹೋದದ್ದೇ ತಡ, ಮಾಹಿತಿಯ ಪ್ರವಾಹವೇ ನುಗ್ಗಿ ಕೋರ್ ರೌಟರ್‌ಗಳು ಕುಸಿದುಬಿದ್ದವು. ಮೊಬೈಲ್, ಮನೆಯ ಇಂಟರ್ನೆಟ್ ಎರಡಕ್ಕೂ ಕೋರ್ ಒಂದೇ. 1.2 ಕೋಟಿಗೂ ಜಾಸ್ತಿ ಗ್ರಾಹಕರು ಕತ್ತಲಲ್ಲಿ ಉಳಿದರು. ದೇಶದ ಡೆಬಿಟ್ ಪಾವತಿ ನಡೆಸುವ ಇಂಟರಾಕ್ ಕೂಡ ಇದೇ ನೆಟ್‌ವರ್ಕ್ ನಂಬಿಕೊಂಡಿತ್ತು, ಹಾಗಾಗಿ ರೋಜರ್ಸ್ ಸಿಮ್ ಇಲ್ಲದವರಿಗೂ ಅಂಗಡಿಯಲ್ಲಿ ಕಾರ್ಡ್ ಕೆಲಸ ಮಾಡಲಿಲ್ಲ. ಆ ಊರುಗಳಲ್ಲಿ ನಮ್ಮ ಕನ್ನಡದವರೂ ಬೇಕಾದಷ್ಟು ಜನ ಇದ್ದಾರೆ.

ಈ ಪ್ರಕರಣದ ಬಗ್ಗೆ ಓದುವಾಗ ನನಗೆ ಹೊಟ್ಟೆ ಕಿವುಚಿದಂತಾದದ್ದು ಮುಂದಿನ ಭಾಗದಲ್ಲಿ. ರಿಪೇರಿ ಮಾಡಬೇಕಾದ ಎಂಜಿನಿಯರ್‌ಗಳು ದೂರದಿಂದ ರೌಟರ್‌ಗೆ ಲಾಗಿನ್ ಆಗುವ ದಾರಿಯೂ ಅದೇ ಕೋರ್ ಮೇಲೆ ಇತ್ತು. ಅವರ ಸ್ವಂತ ಫೋನೂ ಅದೇ ಕಂಪನಿಯದು. ಒಬ್ಬರಿಗೊಬ್ಬರು ಮಾತಾಡಲು ಬೇರೆ ಕಂಪನಿಯ ಸಿಮ್ ತರಿಸಿ ಹಂಚಬೇಕಾಯಿತು. ಕಾರಣ ಏನೆಂದು ಗೊತ್ತಾಗುವುದಕ್ಕೇ ಸುಮಾರು 14 ಗಂಟೆ ಹಿಡಿಯಿತು.

ಇನ್ನು ಚಿಕ್ಕಮ್ಮನ ಕಡ್ಡಿಯ ವಿಷಯ. ಟವರ್ ಪೂರ್ತಿ ಸತ್ತರೆ ಒಂದು ರೀತಿ ವಾಸಿ. ಆಗ ತುರ್ತು ಕರೆಗೆ ಫೋನ್ ಬೇರೆ ಕಂಪನಿಯ ಟವರ್ ಹುಡುಕುತ್ತದೆ. ಅವತ್ತು ರೋಜರ್ಸ್ ಟವರ್‌ಗಳು ಬದುಕಿದ್ದವು, ಹಾಗಾಗಿ ಫೋನ್‌ಗಳು ಅವನ್ನೇ ಗಟ್ಟಿಯಾಗಿ ಹಿಡಿದುಕೊಂಡವು, ಅಲ್ಲಿನ ತುರ್ತು ನಂಬರ್ 911ಕ್ಕೆ ಮಾಡಿದ ಎಷ್ಟೋ ಕರೆಗಳು ಹೋಗಲೇ ಇಲ್ಲ. ಸಿಮ್ ತೆಗೆದು ಪ್ರಯತ್ನಿಸಿದರೆ ಕರೆ ಹೋಗುವ ಸಾಧ್ಯತೆ ಇತ್ತು, ಆದರೆ ಎದೆನೋವಿನಲ್ಲಿ ಒದ್ದಾಡುವವರ ಪಕ್ಕ ನಿಂತವರಿಗೆ ಸಿಮ್ ತೆಗೆಯಬೇಕು ಅಂತ ಹೊಳೆಯುತ್ತದೆಯೇ? ನೆಟ್‌ವರ್ಕ್ ಹೋದಾಗ ಜನ ಕೂಗಾಡುತ್ತಾರೆ ಎಂದು ಬೇಸರ ಮಾಡಿಕೊಳ್ಳುವ ಸಹೋದ್ಯೋಗಿಗಳಿಗೆ ನಾನು ಇದನ್ನೇ ಹೇಳುತ್ತೇನೆ. ಅವರ ಸಿಟ್ಟು ರೀಲ್ಸ್ ನೋಡಲಾಗಲಿಲ್ಲ ಅಂತಲ್ಲ.

ಅವತ್ತು ಜನ ಜಾಸ್ತಿ ಉರಿದದ್ದು ಮೌನಕ್ಕೆ. ಐದು ಗಂಟೆ ಸುಮಾರಿಗೆ ಎಲ್ಲ ಹೋಗಿದ್ದರೂ ಕಂಪನಿ ಬಾಯಿಬಿಟ್ಟದ್ದು ಒಂಬತ್ತರ ಹೊತ್ತಿಗೆ, ಅದೂ ಯಾವಾಗ ಸರಿಯಾಗುತ್ತದೆ ಎಂದು ಹೇಳದೆ. ಕಂಟ್ರೋಲ್ ರೂಮುಗಳಲ್ಲಿ ಈ ಚಟ ಇದೆ, ಪೂರ್ತಿ ಗೊತ್ತಾಗುವವರೆಗೆ ಏನೂ ಹೇಳಬಾರದು ಅಂತ. ನನ್ನ ಮಟ್ಟಿಗೆ ಅದು ತಪ್ಪು. "ಕೆಟ್ಟಿದೆ, ಕಾರಣ ಹುಡುಕುತ್ತಿದ್ದೇವೆ, ಒಂದು ಗಂಟೆ ಬಿಟ್ಟು ಮತ್ತೆ ಹೇಳುತ್ತೇವೆ" ಅಂದರೂ ಸಾಕು, ಜನ ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಅದನ್ನೂ ಹೇಳದಿದ್ದರೆ ಕಸ್ಟಮರ್ ಕೇರ್‌ನಲ್ಲಿ ಕೂತ ಹುಡುಗ ಹುಡುಗಿಯರು ಬೈಗುಳ ತಿನ್ನುತ್ತಾರೆ, ಅವರಿಗೆ ನಿಮಗಿಂತ ಜಾಸ್ತಿ ಏನೂ ಗೊತ್ತಿರುವುದಿಲ್ಲ ಪಾಪ.

ರೋಜರ್ಸ್ ಪ್ರಕರಣಕ್ಕಿಂತ ಆರು ದಿನ ಮೊದಲು ಜಪಾನಿನ ಕೆಡಿಡಿಐ ಕಂಪನಿಯ ನೆಟ್‌ವರ್ಕೂ ಬಿದ್ದಿತ್ತು, 61 ಗಂಟೆಗೂ ಜಾಸ್ತಿ. ಅಲ್ಲಿ ಮೂಲ ತಪ್ಪನ್ನು ಹದಿನೈದು ನಿಮಿಷದಲ್ಲೇ ವಾಪಸ್ ತೆಗೆದರು. ಆದರೆ ಅಷ್ಟರಲ್ಲಿ ಸಂಪರ್ಕ ತಪ್ಪಿದ ಫೋನ್‌ಗಳೆಲ್ಲ ಒಟ್ಟಿಗೆ ಮತ್ತೆ ನೋಂದಣಿ ಕೇಳತೊಡಗಿದವು. ಆ ನೂಕುನುಗ್ಗಲು ತಡೆಯಲಾಗದೆ ಗ್ರಾಹಕರ ಮಾಹಿತಿ ಇಡುವ ವ್ಯವಸ್ಥೆಯೇ ತಪ್ಪುತ್ತಾ ಹೋಯಿತು. ರಿಪೇರಿ ಮುಗಿದ ಮೇಲೂ ನಾವು ಸ್ವಲ್ಪ ಸ್ವಲ್ಪ ಜನರನ್ನೇ ಒಳಗೆ ಬಿಡುವುದು ಇದಕ್ಕೇ. ಪಕ್ಕದ ಮನೆಗೆ ಬಂತು, ನಮಗೆ ಬಂದಿಲ್ಲ ಅಂದರೆ ಕಾರಣ ಇದೂ ಇರಬಹುದು. ಸುಮ್ನೆ ಹತ್ತು ಸಲ ಫೋನ್ ಆಫ್ ಆನ್ ಮಾಡಿದರೆ ನೂಕುನುಗ್ಗಲು ಇನ್ನೂ ಹೆಚ್ಚುತ್ತದೆ. ಕೆಡಿಡಿಐ ಅಧ್ಯಕ್ಷರು ಮರುದಿನವೇ, ಇನ್ನೂ ಸರಿಹೋಗುವ ಮೊದಲೇ, ಪತ್ರಕರ್ತರ ಮುಂದೆ ಕೂತು ಇದನ್ನೆಲ್ಲ ತಾವೇ ವಿವರಿಸಿದರು. ಅದಕ್ಕೆ ಜನ ಮೆಚ್ಚಿಕೊಂಡರು ಕೂಡ.

ಪರಿಹಾರದ ಮಾತು. ರೋಜರ್ಸ್ ಮೊದಲು ಎರಡು ದಿನದ ಹಣ ಎಂದಿತು, ಗಲಾಟೆ ಜಾಸ್ತಿಯಾದ ಮೇಲೆ ಐದು ದಿನದ್ದು ಕೊಟ್ಟಿತು. ನಮ್ಮಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಮಾಡಿದ ನಿಯಮದಂತೆ ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಜಾಸ್ತಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ಪ್ರಕೃತಿ ವಿಕೋಪಕ್ಕೆ ಇದು ಅನ್ವಯಿಸುವುದಿಲ್ಲ. ಒಳ್ಳೆಯ ನಿಯಮವೇ, ಆದರೆ 24 ಗಂಟೆ ತುಂಬಾ ಆಯಿತು. ಯುಪಿಐ ನಂಬಿಕೊಂಡ ತಳ್ಳುಗಾಡಿಯವರಿಗೆ ಸಂಜೆ ಮೂರು ಗಂಟೆ ನೆಟ್‌ವರ್ಕ್ ಇಲ್ಲದಿದ್ದರೆ ಅವತ್ತಿನ ಸಂಪಾದನೆಯೇ ಹೋಯಿತು. ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅಲ್ಲಿ ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಚಿಕ್ಕಮ್ಮನಿಗೆ ಈಗ ಎರಡನೇ ಸಿಮ್ ಹಾಕಿಸಿದ್ದೇನೆ. ಬೇರೆ ಬ್ರ್ಯಾಂಡ್ ಹೆಸರಿನದಷ್ಟೇ ಅಲ್ಲ, ಬೇರೆ ನೆಟ್‌ವರ್ಕಿನದು. ಕೆನಡಾದಲ್ಲಿ ಫೈಡೊ ಸಿಮ್ ಇದ್ದವರೂ ಅವತ್ತು ಸಿಕ್ಕಿಬಿದ್ದರು, ಯಾಕೆಂದರೆ ಫೈಡೊ ಕೂಡ ರೋಜರ್ಸ್‌ನದೇ. ಕಡ್ಡಿ ಇದ್ದೂ ಕಾಲ್ ಹೋಗದಿದ್ದರೆ ಎರಡನೇ ಸಿಮ್‌ನಿಂದ ಮಾಡುವುದು ಹೇಗೆಂದು ಮೂರು ಸಲ ಮಾಡಿ ತೋರಿಸಿದೆ. ನಾಲ್ಕನೇ ಸಲ ಅವರೇ ಮಾಡಿದರು, ಪಕ್ಕದಲ್ಲೇ ಕೂತಿದ್ದ ನನ್ನ ಫೋನ್ ರಿಂಗಾಯಿತು.